ಟವಲ್ಲಿನ ಕೆಳಗೆ ಸಾಹೇಬರ ಕೈ

ದನದ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಬುದ್ಧಿಮಾತು ಟವಲ್ಲಿನದು. ದಪ್ಪದ್ದು ತಗೊಳ್ಳಿ, ಅಗಲದ್ದು ತಗೊಳ್ಳಿ. ತೆಳ್ಳಗಿದ್ದರೆ ಒಳಗೆ ಬೆರಳು ಆಡುವುದು ಹೊರಗೆ ಗೊತ್ತಾಗುತ್ತದೆ. ಆಮೇಲೆ ಅಕ್ಕಪಕ್ಕ ನಿಂತವರೆಲ್ಲ ಬೆಲೆ ಹೇಳುವವರೇ.

ಗೊತ್ತಿಲ್ಲದವರಿಗೆ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಕೂಗುವುದಿಲ್ಲ. ಮಾರುವವನು ಒಂದು ಕಡೆ, ಕೊಳ್ಳುವವನು ಒಂದು ಕಡೆ, ನಡುವೆ ನನ್ನಂಥ ದಲ್ಲಾಳಿ. ಕೈ ಮೇಲೆ ಟವಲ್ಲು ಹೊದಿಸಿ ಅದರ ಕೆಳಗೆ ಬೆರಳು ಹಿಡಿಯುತ್ತೇವೆ. ಎರಡು ಬೆರಳಿಗೆ ಒಂದು ಬೆಲೆ, ಮೂರಕ್ಕೆ ಇನ್ನೊಂದು, ಗೆಣ್ಣು ಒತ್ತಿದರೆ ಅದರ ಮೇಲೆ ಅರ್ಧ. ಸಾವಿರದ ಮಾತೋ ನೂರರ ಮಾತೋ ಅನ್ನುವುದು ದನದ ಹಲ್ಲು ನೋಡಿದಾಗಲೇ ಇಬ್ಬರಿಗೂ ಗೊತ್ತಿರುತ್ತದೆ. ಮುಖ ಮಾತ್ರ ಸತ್ತ ಮನೆಗೆ ಬಂದವರಂತೆ ಇಟ್ಟುಕೊಂಡಿರಬೇಕು. ಕೊನೆಗೆ ಇಡೀ ಅಂಗೈ ಹಿಡಿದು ಒಂದು ಸಲ ಕುಲುಕಿದರೆ ವ್ಯಾಪಾರ ಮುಗಿಯಿತು. ಆಮೇಲೆ ಯಾರಪ್ಪ ಬಂದರೂ ಮಾತು ಬದಲಾಗುವಂತಿಲ್ಲ. ಕಾಗದ ಇಲ್ಲ, ಸಹಿ ಇಲ್ಲ, ಕುಲುಕಿದ ಕೈಯೇ ರಿಜಿಸ್ಟ್ರಿ.

ನನಗೆ ಅಪ್ಪ ಬಿಟ್ಟುಹೋದ ಜಮೀನು ಅಂತ ಗೇಣಗಲವೂ ಇರಲಿಲ್ಲ. ಪರರ ದನಗಳನ್ನು ಶ್ರೀರಂಗಪಟ್ಟಣದ ಕಡೆಯಿಂದ ಕೆ.ಆರ್. ಪೇಟೆ ಸಂತೆಗೆ ನಡೆಸಿಕೊಂಡು ಹೋಗುತ್ತಾ ಶುರು ಮಾಡಿದವನು ನಾನು. ದಾರಿಯುದ್ದಕ್ಕೂ ದನ ನೋಡಿದೆ, ಜನ ನೋಡಿದೆ, ಯಾರು ಯಾವಾಗ ಸುಳ್ಳು ಹೇಳುತ್ತಾರೆ ಅಂತ ನೋಡಿದೆ. ನಲವತ್ತು ದಾಟುವ ಹೊತ್ತಿಗೆ ನಾಲ್ಕು ತಾಲ್ಲೂಕಿನವರು ಬಂದು ನನ್ನ ಟವಲ್ಲಿನ ಕೆಳಗೆ ಕೈ ಇಡುತ್ತಿದ್ದರು. ನನ್ನ ಆಸ್ತಿ ಅಂದರೆ ಅದೇ. ಹೆಂಚಿನ ಮನೆ ಆಮೇಲೆ ಬಂತು.

ಆ ಆಸ್ತಿ ಒಂದು ಗುರುವಾರ ಮಧ್ಯಾಹ್ನ ಕೈಬಿಟ್ಟು ಹೋಯಿತು. ಅದೂ ಒಬ್ಬ ಒಳ್ಳೆಯ ಮನುಷ್ಯ ನಗುನಗುತ್ತಾ ಕೈ ಕುಲುಕಿದ್ದರಿಂದ.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರ ಬಿಟ್ಟು ಕೆ.ಆರ್. ಪೇಟೆ ಕಡೆಗೆ ಹೊರಟರೆ ನಡುವೆ ಸಿಗುವ ಸಣ್ಣ ಪೇಟೆ ನಮ್ಮದು. ಎರಡು ಹೋಟೆಲು, ಒಂದು ಡೈರಿ, ಒಂದು ಅಕ್ಕಿ ಗಿರಣಿ, ಬಸ್ಸು ನಿಲ್ಲುವ ಕಡೆ ಒಂದು ಅರಳಿಮರ. ಊರಾಚೆ ಇಳಿಜಾರಿನಲ್ಲಿ ಗೋಮಾಳ. ಅಲ್ಲಿ ಏಳೆಂಟು ಹುಣಸೆಮರ, ನಡುವೆ ದನ ನೀರು ಕುಡಿಯುವ ಕಲ್ಲುಕಟ್ಟೆ. ಸುತ್ತಿನ ಊರಿನ ದನ ಮೇಯುತ್ತಿದ್ದುದು ಅಲ್ಲೇ, ಗುರುವಾರದ ಸಂತೆ ಸೇರುತ್ತಿದ್ದುದೂ ಅದರ ಅಂಚಿನಲ್ಲೇ.

ಆ ಗೋಮಾಳವನ್ನು ಒಂದು ವಿದೇಶಿ ಕಂಪನಿಗೆ ಕೊಡುತ್ತಾರೆ ಅಂತ ಡೈರಿ ಗೋಡೆಗೆ ನೋಟೀಸು ಅಂಟಿಸಿದರು. ಯಾವ ದೇಶದ ಕಂಪನಿ ಅನ್ನುವುದರಲ್ಲಿ ನಮ್ಮೂರಲ್ಲಿ ಕೊನೆಯವರೆಗೂ ಒಮ್ಮತ ಬರಲಿಲ್ಲ. ಒಬ್ಬ ಜರ್ಮನಿ ಅಂದ, ಒಬ್ಬ ಡೆನ್ಮಾರ್ಕ್ ಅಂದ, ಹೋಟೆಲಿನವನು ಎಲ್ಲವನ್ನೂ ಸೇರಿಸಿ ‘ಲಂಡನ್ ಕಡೆಯವರು’ ಅಂತ ತೀರ್ಮಾನಿಸಿದ. ಆದರೆ ಏನು ಮಾಡುವ ಕಾರ್ಖಾನೆ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಪಶು ಆಹಾರ. ದನಕ್ಕೆ ಹಾಕುವ ಮೇವು, ಚೀಲದಲ್ಲಿ ತುಂಬಿ ಹೊಲಿದದ್ದು.

"ದನ ಮೇಯೋ ಜಾಗ ಕಿತ್ಕಂಡು ದನಕ್ಕೆ ಮೇವು ಮಾರ್ತಾರಂತೆ ಕಣ್ರಲಾ!" ಅಂತ ನನ್ನ ಭಾವ ಡೈರಿ ಮುಂದೆ ನಿಂತು ಕೂಗಿದ. "ಕಾಲು ಮುರ್ದು ಕೋಲು ಮಾರೋ ಜಾತಿ!"

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಅವನೂ ನನ್ನನ್ನು ಭಾವ ಅಂತಲೇ ಕರೆಯುವುದು. ಎರಡು ಎಕರೆ ಗದ್ದೆ, ಹತ್ತು ಎಕರೆಯಷ್ಟು ಗಂಟಲು. ಅವತ್ತೇ ಹೋರಾಟ ಸಮಿತಿ ಆಯಿತು, ಭಾವನೇ ಅಧ್ಯಕ್ಷನಾದ. ನನಗೂ ಒಂದು ಕೆಲಸ ಕೊಟ್ಟರು. "ನೀನು ಮಾತಿನ ಮನ್ಷ ಕಣ್ ಭಾವ. ಅವ್ರು ಜಾಗ ನೋಡಾಕೆ ಬಂದಾಗ ನೀನೇ ನಿಂತು ಮಾತಾಡು. ಒಪ್ಕಬೇಡ, ಬೈಯಲೂ ಬೇಡ. ಏನೇನಂತಾರೆ ಅಂತ ಒಳಗಿನ್ ಸುದ್ದಿ ಎತ್ಕಂಡ್ ಬಾ."

ಸರಿಯಾದ ಲೆಕ್ಕಾಚಾರವೇ. ಬೇರೆ ಯಾರೇ ಆದರೂ ಮೊದಲೇ ‘ಇಲ್ಲ’ ಅಂದುಬಿಡುತ್ತಾರೆ. ಮೊದಲೇ ‘ಇಲ್ಲ’ ಅಂದವನಿಗೆ ಎದುರಾಳಿ ಏನೂ ಹೇಳುವುದಿಲ್ಲ. ಇದನ್ನು ನೀವೂ ನೆನಪಿಟ್ಟುಕೊಳ್ಳಿ: ಬಾಗಿಲು ಹಾಕುವುದಕ್ಕೆ ಮುಂಚೆ ಬಂದವನ ಕೈಯಲ್ಲಿ ಏನಿದೆ ಅಂತ ನೋಡಬೇಕು.

ಕಂಪನಿಯವರಿಗೆ ನಮ್ಮ ಸಂತೆಯ ದಿನ ಗೊತ್ತಿರಲಿಲ್ಲ. ಸರಿಯಾಗಿ ಗುರುವಾರವೇ ಬಂದರು. ಮೇಲಿನ ಅಂಚಿನಲ್ಲಿ ಸಂತೆ ತುಂಬಿ ತುಳುಕುತ್ತಿತ್ತು. ಶೀಳನೆರೆ ಕಡೆಯವರ ಒಂದು ಜೋಡಿ ಹೋರಿಗೆ ನನ್ನ ಟವಲ್ಲಿನ ಕೆಳಗೆ ಇನ್ನೂ ಬೆರಳು ಆಡುತ್ತಿತ್ತು. ಅಷ್ಟರಲ್ಲಿ ಕೆಳಗೆ ಕಟ್ಟೆಯ ಹತ್ತಿರ ಎರಡು ಜೀಪು ನಿಂತವು. ವ್ಯಾಪಾರ ಅಷ್ಟಕ್ಕೇ ಬಿಟ್ಟು, ಬೆವರು ಒರೆಸಿಕೊಂಡು, ಟವಲ್ಲನ್ನು ಮುಂಗೈ ಮೇಲೆ ಹಾಕಿಕೊಂಡು ಇಳಿದುಹೋದೆ. ಸಂತೆಗೆ ಸಂತೆಯೇ ಮೇಲೆ ನಿಂತು ನೋಡಿತು.

ಬಂದವರಲ್ಲಿ ಒಬ್ಬರು ಬಿಳಿ ಸಾಹೇಬರು. ಆರಡಿ ಆಳು, ಬಿಸಿಲಿಗೆ ಮುಖ ಹಣ್ಣು ಮೆಣಸಿನಕಾಯಿಯಾಗಿತ್ತು. ಇನ್ನೊಬ್ಬ ಕಂಪನಿಯ ಕನ್ನಡದ ಆಫೀಸರು, ಆ ಬಿಸಿಲಲ್ಲೂ ಟೈ ಬಿಚ್ಚಿರಲಿಲ್ಲ. ಸಾಹೇಬರು ಮೊದಲು ನೋಡಿದ್ದು ಜಾಗವನ್ನಲ್ಲ, ನೀರು ಕುಡಿಯುತ್ತಿದ್ದ ಒಂದು ಹಳ್ಳಿಕಾರ್ ಹೋರಿಯನ್ನು. ಹತ್ತಿರ ಹೋಗಿ ಅದರ ಬೆನ್ನ ಮೇಲಿನ ಹಿಣಿಲು ನೋಡಿದರು, ಕಾಲಿನ ಗೊರಸು ನೋಡಿದರು, ನೋಡುವ ಕ್ರಮದಲ್ಲೇ ನೋಡಿದರು. ದನ ಬಲ್ಲ ಮನುಷ್ಯ ಅಂತ ನನಗೆ ತಕ್ಷಣ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ಅಲ್ಲೇ ನನಗೆ ಅವರು ಹಿಡಿಸಿಬಿಟ್ಟರು.

ಟೈ ಆಫೀಸರು ನನ್ನನ್ನು ಹುಣಸೆಮರದ ಕೆಳಗೆ ಕರೆದ. "ಯಜಮಾನ್ರೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿಗೆ ನಮ್ಮ ಮೇವಿನ ಏಜೆನ್ಸಿ ಯಾರಿಗಾದರೂ ಕೊಡಬೇಕು. ದನ ಸಾಕೋ ಜನರ ಪರಿಚಯ ಇರೋರು ಬೇಕು. ನಿಮ್ಮಂಥವರು ಸಿಕ್ಕಿದ್ರೆ ನಮಗೂ ಅನುಕೂಲ" ಅಂದ.

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೋಡಾನ" ಅಂದೆ.

ನಮ್ಮ ಕಡೆಯವರಿಗೆ ‘ನೋಡಾನ’ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮುಕ್ಕಾಲು ಪಾಲು ಒಪ್ಪಿಗೆ, ಕಾಲು ಪಾಲು ಮಾನ ಉಳಿಸಿಕೊಳ್ಳುವುದಕ್ಕೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದು ಊರ ಗೋಮಾಳವಲ್ಲ. ರಸ್ತೆ ಬದಿಯಲ್ಲಿ ಒಂದು ಗೋಡೌನು, ಬಿಸಿಲಲ್ಲಿ ಅಲೆಯದ ಕಾಲು, ನೆರಳಲ್ಲಿ ಹಾಕಿದ ಒಂದು ಕುರ್ಚಿ. ಮೂವತ್ತು ವರ್ಷ ದನದ ಹಿಂದೆ ನಡೆದವನಿಗೆ ಕುರ್ಚಿಯ ಆಸೆ ತಪ್ಪಲ್ಲ. ತಪ್ಪಾದದ್ದು ಆಮೇಲೆ.

ಹೊರಡುವಾಗ ಸಾಹೇಬರು ಬಂದು ಕೈ ಚಾಚಿದರು. ನಾನೂ ಕೊಟ್ಟೆ. ಮುಂಗೈ ಮೇಲಿದ್ದ ಟವಲ್ಲು ಸರಕ್ಕನೆ ಜಾರಿ ಇಬ್ಬರ ಕೈಯನ್ನೂ ಮುಚ್ಚಿತು. ತೆಗೆಯಬಹುದಾಗಿತ್ತು. ಆದರೆ ಟವಲ್ಲಿನ ಕೆಳಗೆ ಒಂದು ಕೈ ಸಿಕ್ಕಿದರೆ ನನ್ನ ಬೆರಳು ನನ್ನ ಮಾತು ಕೇಳುವುದಿಲ್ಲ. ಅವು ತಮ್ಮಷ್ಟಕ್ಕೆ ಸಾಹೇಬರ ಎರಡು ಬೆರಳನ್ನು ಹಿಡಿದು ಒತ್ತಿದವು. ಇದೇನೋ ಇಲ್ಲಿಯ ಮರ್ಯಾದೆ ಇರಬೇಕು ಅಂದುಕೊಂಡ ಆ ಪುಣ್ಯಾತ್ಮ, ನನ್ನ ಮೂರು ಬೆರಳನ್ನು ಹಿಡಿದು ಒತ್ತಿದರು. ಆಮೇಲೆ ಇಡೀ ಅಂಗೈ ಹಿಡಿದು, ಇನ್ನೊಂದು ಕೈಯಿಂದ ನನ್ನ ಭುಜ ತಟ್ಟಿ, ಗಟ್ಟಿಯಾಗಿ ಕುಲುಕಿ, ಸಂತೆಗೆಲ್ಲ ಕೇಳುವ ಹಾಗೆ "ಓಕೆ! ಓಕೆ!" ಅಂದರು.

ಜೀಪು ಹೋದದ್ದೇ ತಡ, ಮೇಲಿನ ಸಂತೆಯಿಂದ ಒಬ್ಬನ ಗಂಟಲು ಕೇಳಿಸಿತು. "ಕುಲುಕ್ಬುಟ್ಟ ಕಣ್ಲಾ! ಓಗ್ಲಾ ಅತ್ಲಾಗೆ, ಗೋಮಾಳ ಓಯ್ತು!"

ನಾನು ದಿಣ್ಣೆ ಹತ್ತಿ ಬರುವಷ್ಟರಲ್ಲಿ ಭಾವ ಎದುರಿಗೇ ನಿಂತಿದ್ದ.

"ಎಷ್ಟುಕ್ಕೆ ಭಾವ?"

"ಏನೆಷ್ಟುಕ್ಕೆ?"

"ಊರು. ಊರ್ನ ಎಷ್ಟುಕ್ಕೆ ಕೊಟ್ಟೆ?"

"ಲೇ, ಟವಲ್ಲು ಜಾರ್ತು ಕಣೋ ಭಾವ."

"ಜಾರಿದ್ದು ಟವಲ್ಲಲ್ಲ ಬುಡು" ಅಂತ ಹೊರಟೇಹೋದ. ಸುತ್ತ ನಿಂತವರು ನಕ್ಕರು. ಆ ನಗುವಿನಲ್ಲಿ ಸ್ನೇಹವಿರಲಿಲ್ಲ.

ಶೀಳನೆರೆಯವನ ಹೋರಿ ನಾನು ಬಿಟ್ಟಲ್ಲೇ ನಿಂತಿದ್ದವು. ಅವನ ಮುಂದೆ ಟವಲ್ಲು ಹಿಡಿದೆ. ಅವನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. "ಇವತ್ತು ಬ್ಯಾಡ ಬುಡಣ್ಣ. ನಿನ್ ಕೈ ದಣ್ದದೆ" ಅಂದ. ಹೀಗೆ ಶುರುವಾಯಿತು. ಮುಂದಿನ ಗುರುವಾರ ಒಂದು ಕೈಯೂ ಬರಲಿಲ್ಲ. ಅದರ ಮುಂದಿನ ಗುರುವಾರ ನಾಗಮಂಗಲದ ಕಡೆಯ ಹೊಸಬನೊಬ್ಬ ಕೈ ಇಟ್ಟ. ಪಕ್ಕದವನು ಅವನ ಕಿವಿಯಲ್ಲಿ ಏನೋ ಅಂದ, ಬೆಂಕಿ ತಾಗಿದವನಂತೆ ಎಳೆದುಕೊಂಡ. ಮಡಚಿದ ಟವಲ್ಲನ್ನು ಭುಜದ ಮೇಲೆ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಮನೆಗೆ ಬರುತ್ತಿದ್ದೆ.

ಭಾವ ನಮ್ಮ ಮನೆಯಲ್ಲಿ ನೀರೂ ಮುಟ್ಟುವುದು ಬಿಟ್ಟ. ತಂಗಿಯನ್ನು ಮಾತಾಡಿಸಬೇಕಾದರೆ ಬೀದಿಯಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದ. ನನ್ನ ಹೆಂಡತಿ ಅಳುವ ಪೈಕಿಯಲ್ಲ. ಒಂದು ಸಲ ಮಾತ್ರ ಕೇಳಿದಳು. "ನಂಗಾದ್ರೂ ನಿಜ ಯೋಳಿ. ಏನಂದ್ರಿ ಅವ್ರುಗೆ?"

"ಏನೂ ಅನ್ಲಿಲ್ಲ. ಟವಲ್ಲು ಜಾರ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಮುಖ ಮುಚ್ಚಿಡುವುದನ್ನು ಕಲಿತವನು ನಾನು. ಅವಳೂ ಅಷ್ಟೇ ವರ್ಷ ಅದನ್ನು ಓದುವುದನ್ನು ಕಲಿತಿದ್ದಳು. ಆಮೇಲೆ ಒಲೆ ಊದುವುದಕ್ಕೆ ಕೂತಳು.

ಆ ‘ನೋಡಾನ’ವನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಮಿತಿಯವರು ಒಳಗಿನ ಸುದ್ದಿ ತಾ ಅಂತ ಕಳಿಸಿದ್ದರು, ತಂದಿದ್ದ ಸುದ್ದಿಯನ್ನೇ ನಾನು ಬಚ್ಚಿಟ್ಟುಕೊಂಡಿದ್ದೆ. ಹಾಗಾಗಿ ‘ಟವಲ್ಲು ಜಾರಿತು’ ಅಂತ ಎಷ್ಟು ಸಲ ಹೇಳಿದರೂ ಆ ಮಾತಿಗೆ ತೂಕ ಬರುತ್ತಿರಲಿಲ್ಲ. ಅರ್ಧ ನಿಜ ಹೇಳುವವನ ಗಂಟಲು ಜನಕ್ಕೆ ಗೊತ್ತಾಗುತ್ತದೆ. ದನ ಕೂಡ ಕಂಡುಹಿಡಿಯುತ್ತದೆ ಅಂತ ನನ್ನ ನಂಬಿಕೆ.

ಆದರೂ ದಲ್ಲಾಳಿಯ ಬುದ್ಧಿ ಸುಮ್ಮನಿರುತ್ತದೆಯೇ? ಕಾರ್ಖಾನೆಗೆ ಬೇರೆ ಜಾಗ ತೋರಿಸಿಬಿಟ್ಟರೆ ಗೋಮಾಳವೂ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ ಅಂತ ಒಂದು ಉಪಾಯ ಹೂಡಿದೆ. ಬಸ್ಸು ಹತ್ತಿ ನಾಗಮಂಗಲದ ಕಡೆಗೆ ಹೋದೆ. ಅಲ್ಲಿ ನನಗೆ ಗೊತ್ತಿದ್ದ ಒಬ್ಬ ಯಜಮಾನರಿದ್ದರು, ತೆಂಗಿನ ತೋಟದವರು. ಅವರ ತೋಟದ ಆಚೆ ರಾಗಿಯೂ ಬೆಳೆಯದ ಕಲ್ಲು ಭೂಮಿ ರಸ್ತೆಗೆ ಹೊಂದಿಕೊಂಡೇ ಬಿದ್ದಿತ್ತು. ಎಳನೀರು ಕೊಟ್ಟರು, ಕೂರಿಸಿದರು, ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಒಳ್ಳೇದೇ ಕಣಪ್ಪ. ಅಂಗಾರೆ ನಿಮ್ಮೂರಿಗೇ ಮಡೀಕಳಿ."

"ನಮ್ಮೂರ್ನೋರು ಬ್ಯಾಡ ಅಂತಾವ್ರೆ."

"ನಿಮ್ಮೂರ್ ದನ ಮೂಸಿ ಬುಟ್ಟಿದ್ ಮೇವ್ನ ನಮ್ಮೂರ್ ದನದ್ ಮುಂದಕ್ಕೆ ತಳ್ಳಾಕೆ ಬಂದಿದ್ದೀಯಾ? ಕಲ್ಲು ಭೂಮಿ ಆದ್ರೇನು, ನಮ್ಮ ಆಡು ಮೇಯ್ತವೆ. ಇನ್ನೊಂದ್ ಎಳನೀರು ಕುಡಿ, ಸಂಜೆ ಬಸ್ಗೆ ಓಗುವಂತೆ."

ಸಂಜೆಯ ಬಸ್ಸಿಗೆ ಬಂದೆ. ಹೊಟ್ಟೆ ತುಂಬಾ ಎಳನೀರು, ಮಿಕ್ಕಂತೆ ಬರಿಗೈ. ಆದರೆ ದಾರಿಯಲ್ಲಿ ಒಂದು ವಿಷಯ ತಲೆಗೆ ಹೊಕ್ಕಿತು. ಅವರು ಒಂದೇ ಮಾತಿನಲ್ಲಿ ನನ್ನ ಸರಕಿನ ಹುಳುಕು ಹಿಡಿದಿದ್ದರು. ಕಂಪನಿಯವರ ಸರಕಿನ ಹುಳುಕನ್ನು ನಾನು ಹಿಡಿದಿರಲಿಲ್ಲ. ಕುರ್ಚಿಯ ಕನಸಿನಲ್ಲಿ, ಆ ಮೇವನ್ನು ಕೊಳ್ಳುವವರು ಯಾರು ಅಂತ ಯೋಚಿಸಿಯೇ ಇರಲಿಲ್ಲ.

ಐದನೇ ವಾರದಲ್ಲಿ ತಹಶೀಲ್ದಾರರು ಗೋಮಾಳದಲ್ಲೇ ಆಕ್ಷೇಪಣೆ ಕೇಳುತ್ತಾರೆ ಅಂತ ಡಂಗುರವಾಯಿತು. ಹುಣಸೆಮರದ ಕೆಳಗೆ ಶಾಲೆಯಿಂದ ತಂದ ಮೇಜು, ನಾಲ್ಕು ಕುರ್ಚಿ. ತಹಶೀಲ್ದಾರರು, ಸಾಹೇಬರು, ಟೈ ಆಫೀಸರು ಕೂತರು. ಎದುರಿಗೆ ನೆಲದ ಮೇಲೆ ಸುತ್ತಿನ ಊರಿನವರು. ನಾನು ಹಿಂದೆ, ಒಬ್ಬನೇ.

ಭಾವ ಅರ್ಜಿ ಓದಿದ. ಚೆನ್ನಾಗಿ ಬರೆಸಿದ್ದ, ಗಂಟಲು ಹರಿಯುವಂತೆ ಓದಿದ. ತಹಶೀಲ್ದಾರರು ಕಡತ ತಿರುವಿ, "ಇದರಲ್ಲಿ ‘ಉಪಯೋಗಕ್ಕೆ ಬಾರದೆ ಖಾಲಿ ಬಿದ್ದಿರುವ ಜಾಗ’ ಅಂತ ವರದಿ ಇದೆಯಲ್ಲ?" ಅಂದರು. ಅವರು ಆ ಮಾತು ಆಡುತ್ತಿರುವಾಗಲೇ ಅವರ ಕುರ್ಚಿಗೂ ಜೀಪಿಗೂ ನಡುವೆ ಐವತ್ತು ಅರವತ್ತು ದನ ಕಟ್ಟೆಗೆ ಇಳಿಯುತ್ತಿದ್ದವು. ಯಾರೂ ಹೂಡಿದ್ದಲ್ಲ. ಅದು ಅವು ದಿನಾ ನೀರು ಕುಡಿಯುವ ಹೊತ್ತು, ಅಷ್ಟೆ. ಒಂದು ಕರು ಮೇಜಿನ ಕಾಗದಕ್ಕೆ ಬಾಯಿ ಹಾಕಿತು. ಜನ ನಕ್ಕರು. ತಹಶೀಲ್ದಾರರೂ ಕಾಗದ ಎತ್ತಿಕೊಂಡು ನಕ್ಕರು, ಆ ಸಾಲಿನ ಪಕ್ಕದಲ್ಲಿ ಪೆನ್ನಿನಿಂದ ಏನೋ ಗುರುತು ಹಾಕಿದರು.

ಆಗ ಟೈ ಆಫೀಸರು ಎದ್ದ. "ಸ್ವಾಮಿ, ಊರಿನವರೆಲ್ಲ ವಿರೋಧ ಇದ್ದಾರೆ ಅನ್ನೋದು ಸರಿಯಲ್ಲ. ಹೋದ ಸಲ ಬಂದಾಗ ಊರಿನ ಹಿರಿಯರೊಬ್ಬರು ನಮ್ಮ ಸಾಹೇಬರ ಕೈ ಕುಲುಕಿ ಕಳಿಸಿಕೊಟ್ಟಿದ್ದಾರೆ. ಅಗೋ, ಹಿಂದೆ ಕೂತಿದ್ದಾರಲ್ಲ, ಅವರೇ."

ಅಷ್ಟೂ ತಲೆ ಹಿಂದಕ್ಕೆ ತಿರುಗಿದವು. ಭಾವನ ಕಣ್ಣು ಕೆಂಡವಾಗಿತ್ತು. ಐದು ವಾರದಿಂದ ಊರು ಅಂದುಕೊಂಡದ್ದನ್ನೆಲ್ಲ ಈ ಮನುಷ್ಯ ಸರ್ಕಾರದ ಮುಂದೆ ಮೊಹರು ಹೊಡೆದು ಕೊಟ್ಟಿದ್ದ. ಇವತ್ತು ಎದ್ದು ಹೋದರೆ ಈ ಜನ್ಮದಲ್ಲಿ ನನ್ನ ಟವಲ್ಲಿನ ಕೆಳಗೆ ಇನ್ನೊಂದು ಕೈ ಬರುವುದಿಲ್ಲ ಅಂತ ನನಗೆ ಗೊತ್ತಾಯಿತು.

ಮೊದಲು ಮಾತಾಡಿದ್ದು ಒಬ್ಬ ಮುದುಕಿ. ಮೂರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿಯೇ ಮಕ್ಕಳನ್ನು ಬೆಳೆಸಿದವಳು. ಊರಿಗೆಲ್ಲ ಅವ್ವ. ಮೊಣಕಾಲ ಮೇಲೆ ಕೈ ಊರಿ ಎದ್ದಳು.

"ಬಾರ್ಲಾ ಮಗ ಮುಂದುಕ್ಕೆ. ಅಲ್ ಯಾಕ್ ಕುಂತಿದ್ದೀಯ ಕೋಳಿ ಕದ್ದೋನಂಗೆ?"

ಹೋದೆ.

"ಆ ಟವಲ್ಲು ಕೊಡಿಲ್ಲಿ."

ಕೊಟ್ಟೆ. ಅದನ್ನು ತೆಗೆದು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. "ಈಗ ಬರಿಗೈಲಿ ಯೋಳು. ಅವತ್ತು ಅದ್ರ ಕೆಳಗೆ ಏನ್ ಮಾತಾಡ್ಕಂಡ್ರಿ? ಗಂಡಸ್ರು ಬಟ್ಟೆ ಮುಚ್ಕಂಡು ಮಾಡೋ ವ್ಯಾಪಾರ ನಮ್ಗೆ ತಿಳಿಯಾಕಿಲ್ಲ. ಬಾಯಲ್ಲಿ ಯೋಳು."

ನನ್ನ ವೃತ್ತಿಯಲ್ಲಿ ನಾನು ಎಂದೂ ಮಾಡದ ಕೆಲಸ ಅದು. ಹಗಲು ಹೊತ್ತಿನಲ್ಲಿ, ನಾಲ್ಕು ಜನದ ಮುಂದೆ, ಬೆರಳು ಎತ್ತಿ ತೋರಿಸುವುದು. ಮೊದಲು ಎರಡು ಬೆರಳು ಎತ್ತಿದೆ. "ನಾನು ಒತ್ತಿದ್ದು ಇಷ್ಟು. ಅಭ್ಯಾಸಬಲ." ಆಮೇಲೆ ಮೂರು. "ಅವ್ರು ಒತ್ತಿದ್ದು ಇಷ್ಟು. ಯಾಕೆ ಒತ್ತಿದ್ರೋ ಅವ್ರನ್ನೇ ಕೇಳಿ."

ಟೈ ಆಫೀಸರು ಸಾಹೇಬರಿಗೆ ಇಂಗ್ಲಿಷಿನಲ್ಲಿ ತಿಳಿಸಿದ. ನಮ್ಮ ಕಡೆ ಟವಲ್ಲಿನ ಕೆಳಗೆ ಕೈ ಕುಲುಕಿದರೆ ಏನರ್ಥ ಅನ್ನುವುದನ್ನೂ ನಾನು ಹೇಳಿದಂತೆ ಹೇಳಿದ. ಸಾಹೇಬರ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. ಏನೋ ಕೇಳಿದರು. ಟೈ ಆಫೀಸರು ಹೇಳಲೋ ಬೇಡವೋ ಅಂತ ಅನುಮಾನಿಸಿ ಹೇಳಿದ. "ಹಾಗಾದ್ರೆ ನಾನು ಈ ಊರನ್ನ ಎಷ್ಟಕ್ಕೆ ಕೊಂಡಂಗಾಯ್ತು ಅಂತ ಕೇಳ್ತಾ ಇದ್ದಾರೆ."

"ನಾನು ಎರಡು ಕೇಳ್ದೆ, ಅವ್ರು ಮೂರು ಕೊಟ್ರು" ಅಂದೆ. "ಕೊಳ್ಳೋನೇ ಬೆಲೆ ಏರಿಸಿದ ವ್ಯಾಪಾರ ನನ್ನ ಜೀವಮಾನದಲ್ಲಿ ಅದೊಂದೇ!"

ಜನ ಹೋ ಅಂತ ನಕ್ಕರು. ಸಾಹೇಬರಂತೂ ಮೇಜು ತಟ್ಟಿ ನಕ್ಕರು. ಆ ನಗುವಿನಲ್ಲೇ ತಪ್ಪಿಸಿಕೊಂಡು ಬಂದುಬಿಡಬಹುದಾಗಿತ್ತು. ಆದರೆ ಅವ್ವ ನಕ್ಕಿರಲಿಲ್ಲ. ಟವಲ್ಲೂ ಅವಳ ಕಂಕುಳಲ್ಲೇ ಇತ್ತು.

"ಅಷ್ಟೇನಾ?" ಅಂದಳು.

"ಅಷ್ಟೇ ಅಲ್ಲ ಕಣವ್ವ." ಎತ್ತಿದ್ದ ಬೆರಳು ಇಳಿಸಿದೆ. "ಆ ಟೈ ಕಟ್ಟಿರೋರು ನಂಗೆ ಮೇವಿನ ಏಜೆನ್ಸಿ ಕೊಡ್ತೀವಿ ಅಂದ್ರು. ನಾಲ್ಕು ತಾಲ್ಲೂಕಿಗೆ. ನಾನು ನೋಡಾನ ಅಂದೆ. ನಿಮ್ಗೆ ಯಾರಿಗೂ ಯೋಳ್ಲಿಲ್ಲ."

ನಗು ನಿಂತಿತು. ಟೈ ಆಫೀಸರು ತನ್ನ ಶೂ ನೋಡಿಕೊಂಡ. ನನ್ನ ಹೆಂಡತಿ ಹೆಂಗಸರ ನಡುವೆ ಕೂತಿದ್ದಳು. ತಲೆ ಎತ್ತಿ, ಕೊನೆಗೂ ಉಗುಳಿದಿರಲ್ಲ ಅನ್ನುವಂತೆ ನನ್ನನ್ನು ನೋಡಿದಳು. ಅವಳ ಮುಖ ನೋಡಿ ನನಗೆ ಧೈರ್ಯ ಬಂತು. ತಹಶೀಲ್ದಾರರ ಕಡೆ ತಿರುಗಿದೆ.

"ಸ್ವಾಮಿ, ಈಗ ನೋಡಿ ಆಗದೆ, ಅದ್ಕೇ ಯೋಳ್ತಾ ಇದ್ದೀನಿ. ಆ ಮೇವು ಕೊಳ್ಳೋರ್ಯಾರು? ದನ ಇರೋರು. ದನ ಯಾಕದೆ? ಇಲ್ಲಿ ಹುಲ್ಲದೆ, ನೀರದೆ ಅಂತ ಅದೆ. ಈ ಜಾಗಕ್ಕೆ ಬೇಲಿ ಹಾಕಿದ್ ವರ್ಷವೇ ಈ ಅವ್ವ ಹಸು ಮಾರ್ತಾಳೆ. ಮಾರಿಸಿ ಕೊಡೋನು ನಾನೇ. ಆಮೇಲೆ ಸಾಹೇಬ್ರು ಚೀಲ ಹೊಲ್ದು ಯಾರಿಗೆ ಮಾರ್ತಾರೆ? ಅವ್ರು ದನ ಬಲ್ಲೋರು, ಕಟ್ಟೆ ಹತ್ರ ಹೋರಿ ನೋಡಿದ್ ಕ್ರಮದಲ್ಲೇ ನಂಗೆ ಗೊತ್ತಾಯ್ತು. ಈ ಜಾಗ ಖಾಲಿ ಬಿದ್ದದೋ ಇಲ್ವೋ ಅವ್ರನ್ನೇ ಕೇಳಿ."

"ಚೀಲದ್ ಮೇವು ತಿಂದು ನಮ್ ಹಸ ಓಡಾಡೋದೆಲ್ಲಿ?" ಅಂತ ಅವ್ವ ಸೇರಿಸಿದಳು. "ನಿಮ್ ಆಪೀಸ್ನಾಗಾ?"

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ಎದ್ದು ಕಟ್ಟೆಯವರೆಗೆ ನಡೆದುಹೋಗಿ, ನೀರು ಕುಡಿಯುತ್ತಿದ್ದ ದನಗಳ ನಡುವೆ ಸುಮ್ಮನೆ ನಿಂತರು. ವಾಪಸು ಬಂದು ತಹಶೀಲ್ದಾರರ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಮಾತಾಡಿದರು. ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದರು. ಕೈ ಚಾಚಲಿಲ್ಲ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಕಲಿಯುವ ಮನುಷ್ಯ.

ಸ್ವಲ್ಪ ದಿನದ ಮೇಲೆ ಡೈರಿ ಗೋಡೆಗೆ ಇನ್ನೊಂದು ಕಾಗದ ಬಂತು. ಗೋಮಾಳ ಗೋಮಾಳವಾಗಿಯೇ ಉಳಿಯುತ್ತದೆ ಅಂತ ಅದರ ಸಾರಾಂಶ. ಯಾರಿಂದ ಆಯಿತು ಅನ್ನುವುದಕ್ಕೆ ಊರಲ್ಲಿ ತಲೆಗೊಂದು ಮಾತು. ಭಾವನ ಅರ್ಜಿಯಿಂದ ಅಂದರು, ಅವ್ವನ ಬಾಯಿಂದ ಅಂದರು, ಕಾಗದ ತಿನ್ನಲು ಹೋದ ಕರುವಿಗೂ ಒಂದು ಪಾಲು ಕೊಟ್ಟರು. ನನಗೆ ಯಾರೂ ಪಾಲು ಕೊಡಲಿಲ್ಲ. ಸರಿಯೇ. ಆದರೆ ಅವ್ವ ಟವಲ್ಲನ್ನು ಒಗೆದು ಮಡಚಿ ಮನೆಗೆ ತಂದುಕೊಟ್ಟಳು. "ನಿಜ ಯೋಳೋಕೆ ಐದು ವಾರ ಬೇಕಾಯ್ತೇನ್ಲಾ ನಿಂಗೆ?" ಅಂತ ಬೈದು, ಕಾಫಿ ಕುಡಿದು ಹೋದಳು.

ಆಮೇಲಿನ ಗುರುವಾರ ಸಂತೆಯಲ್ಲಿ ಮೊದಲು ಬಂದವನು ಭಾವ. ಹಲ್ಲೆಲ್ಲ ಬಂದು ಬಾಯಿಗೂಡಿದ ಒಂದು ಜೋಡಿ ಎತ್ತು ಹಿಡಿದುಕೊಂಡು ಬಂದಿದ್ದ. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಅವನು ನನ್ನ ಮುಖ ನೋಡದೆ ಕೈ ಮುಂದೆ ಮಾಡಿದ. ನಾನು ಟವಲ್ಲು ಹೊದಿಸಿದೆ. ಅಬ್ಬಾ, ಏನು ಬೆರಳು ಅವನದು! ನಂಟಸ್ತನ ಅಂತ ಒಂದು ಗೆಣ್ಣಿನಷ್ಟೂ ಬಿಟ್ಟುಕೊಡಲಿಲ್ಲ. ಕೊಳ್ಳುವವನ ಮತ್ತು ಅವನ ನಡುವೆ ನನ್ನ ಬೆರಳು ನೋವು ಬರುವವರೆಗೆ ಜಗ್ಗಾಡಿ, ಕೊನೆಗೆ ಅಂಗೈ ಹಿಡಿದು ಕುಲುಕಿದ. ಅವನ ಹಿಂದೆ ಶೀಳನೆರೆಯವನು ತನ್ನ ಸರದಿಗೆ ಕಾಯುತ್ತಾ ನಿಂತಿದ್ದ.

ಅವತ್ತು ಮಧ್ಯಾಹ್ನ ಭಾವ ಕರೆಯದೆಯೇ ಊಟಕ್ಕೆ ಬಂದ. ನನ್ನ ಹೆಂಡತಿ ಮುದ್ದೆ, ಹುರುಳಿ ಸಾರು ಮಾಡಿದ್ದಳು. ಒಂದು ಮುದ್ದೆ ಮುಗಿಸಿದ, ಇನ್ನೊಂದು ಹಾಕಿಸಿಕೊಂಡ. ಅದನ್ನು ಮುರಿಯುತ್ತಾ, ತಟ್ಟೆ ನೋಡಿಕೊಂಡು ಹೇಳಿದ.

"ಭಾವ, ಒಂದ್ ಮಾತು. ಆ ಟೈ ಕಟ್ಟಿದ್ದೋನು ನಮ್ಮನೆಗೂ ಬಂದಿದ್ದ."

"ಯಾವಾಗ?"

"ನೀನು ಕೈ ಕುಲುಕಿದ್ದಕ್ಕೆ ಎರಡ್ ದಿನ ಮುಂಚೆ. ದೊಡ್ ಮಗಂಗೆ ಕಾರ್ಖಾನೆ ಗೇಟಿನ ಕೆಲ್ಸ ಕೊಡಿಸ್ತೀನಿ, ಸ್ವಲ್ಪ ಗಂಟಲು ತಗ್ಗಿಸ್ಕಳಿ ಅಂದ."

"ನೀನೇನಂದೆ?"

ಭಾವ ಸಾರು ಸುರಿದುಕೊಂಡ. "ಏನಂತೀನಿ. ನೋಡಾನ ಅಂದೆ."

ನಾನು ನಗಬಾರದು ಅಂತ ಎಷ್ಟು ತಡೆದುಕೊಂಡರೂ ಬಾಯಲ್ಲಿದ್ದ ಮುದ್ದೆ ನೆತ್ತಿಗೇರಿತು. ಅವನೂ ಕೆಮ್ಮಿಕೊಂಡು ನಗತೊಡಗಿದ. ನನ್ನ ಹೆಂಡತಿ ಸೌಟು ಹಿಡಿದುಕೊಂಡು ಒಮ್ಮೆ ಅಣ್ಣನನ್ನು, ಒಮ್ಮೆ ನನ್ನನ್ನು ನೋಡಿದಳು.

"ಇಬ್ರೂ ಸೇರ್ಕಂಡು ಊರ್ ಮಾರ್ಬುಡ್ತಿದ್ರಿ" ಅಂದಳು. "ಉಣ್ಣಿ ಸುಮ್ಕೆ."